ಎದ್ದು ನಿಂತ ಕೊಳ

ಸ್ಪಿಯರ್‌ವುಡ್, ಪರ್ತ್
9 ಜೂನ್ 1996

ಮಗಳೇ ನೆನಾ,

ನೀನೂ ನಿನ್ನ ಅಮ್ಮನೂ ಅಡಿಲೇಡಿಗೆ ಹೋದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಫೋನ್ ಮಾಡಿದರೆ ನಿನ್ನ ದೊಡ್ಡಮ್ಮ ಎತ್ತುತ್ತಾಳೆ, ಇಲ್ಲದಿದ್ದರೆ ನಿನ್ನ ಅಮ್ಮ ವಿನ್ಕಾ ಎತ್ತುತ್ತಾಳೆ. ಇಬ್ಬರಿಗೂ ನನ್ನ ದನಿ ಕೇಳಿದ ಕೂಡಲೇ ಒಲೆಯ ಮೇಲೆ ಇಟ್ಟದ್ದು ನೆನಪಾಗುತ್ತದೆ. ಆ ಮನೆಯಲ್ಲಿ ಹೊತ್ತುಗೊತ್ತಿಲ್ಲದೆ ಅದೇನು ಬೇಯುತ್ತದೋ ನನಗಂತೂ ತಿಳಿಯದು. ಅದಕ್ಕೇ ಪೆನ್ನು ಹಿಡಿದೆ.

ಇಲ್ಲಿ ಮಳೆ ಹಿಡಿದಿದೆ. ಹೂಕೋಸು ಚೆನ್ನಾಗಿ ಬಂದಿದೆ. ನಮ್ಮ ನಾಯಿ ಬೂರಾ ದಿನಾ ಸಂಜೆ ಗೇಟಿನ ಹತ್ತಿರ ಹೋಗಿ ನಿನ್ನ ಊರುಗೋಲಿನ ಸದ್ದಿಗೆ ಕಿವಿ ನಿಮಿರಿಸಿ ಕೂರುತ್ತಾನೆ. ಕತ್ತಲಾದ ಮೇಲೆ ನನ್ನನ್ನು ಗುರಾಯಿಸಿಕೊಂಡು ಒಳಗೆ ಬರುತ್ತಾನೆ, ನಾನೇ ನಿನ್ನನ್ನು ಎಲ್ಲೋ ಬಚ್ಚಿಟ್ಟವನ ಹಾಗೆ. ಪಕ್ಕದ ಪೆರಿನಾ ಅಜ್ಜಿ ಸೊಪ್ಪು ಆಲೂಗಡ್ಡೆ ಬೇಯಿಸಿ ಮೇಲೆ ಎಣ್ಣೆ ಹಾಕಿ ಕಳಿಸುತ್ತಾರೆ. ಬಟ್ಟಲಿನ ಜೊತೆಗೆ ಬುದ್ಧಿವಾದವೂ ಬೇಲಿ ದಾಟಿ ಬರುತ್ತದೆ.

"ಹೆಂಡ್ತಿ ಮಗಳು ಅಷ್ಟು ದೂರ ಹೋಗಿದಾರೆ. ನೀನಿಲ್ಲಿ ಹೂಕೋಸು ಕಾಯ್ಕೊಂಡು ಕೂತಿದೀಯಲ್ಲೋ ಲೂಯೊ."

"ಹೂಕೋಸಿಗೆ ರಜಾ ಕೊಡಕ್ಕಾಗತ್ತಾ ಅಕ್ಕಾ," ಅಂದೆ.

ನಿನ್ನ ಕೊಳ ಚೆನ್ನಾಗಿದೆ. ನೀಲಿಯಾಗಿ ಥಳಥಳ ಅನ್ನುತ್ತಿದೆ. ಮಗಳ ಕೀಲುವಾತದ ಮಂಡಿಗೋಸ್ಕರ ಹೂಕೋಸಿನ ಮಡಿಗಳನ್ನೇ ಅಗೆದು ಉಪ್ಪುನೀರಿನ ಕೊಳ ಹಾಕಿಸಿದವನು ಇಡೀ ಸ್ಪಿಯರ್‌ವುಡ್ಡಿಗೆ ನಾನೊಬ್ಬನೇ ಅಂತ ನಮ್ಮ ದ್ವೀಪದಿಂದ ವಲಸೆ ಬಂದವರ ಕ್ಲಬ್ಬಿನಲ್ಲಿ ಈಗಲೂ ಕಿಚಾಯಿಸುತ್ತಾರೆ. ಕಿಚಾಯಿಸಲಿ. ಆ ನೀರಿನಲ್ಲೇ ಅಲ್ಲವೇ ನೀನು ಊರುಗೋಲು ಬಿಟ್ಟು ನಡೆದದ್ದು. ಅಲ್ಲಿಯ ಡಾಕ್ಟರು ನೋಡುವುದನ್ನೆಲ್ಲ ನೋಡಿ ಮುಗಿಸಲಿ, ಬೇಸಿಗೆ ಬರುವುದರೊಳಗೆ ನೀನು ಮನೆಗೆ ಬಂದುಬಿಡು. ನೀರು ಕಾದಿರುತ್ತದೆ.

ನಿನ್ನ ಅಪ್ಪ
ಲೂಯೊ


ಅಡಿಲೇಡ್
27 ಜೂನ್ 1996

ಅಪ್ಪಾ,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಬೆಳಗಿನ ಹೊತ್ತು ಬೆರಳುಗಳು ನನ್ನ ಮಾತು ಕೇಳುವುದಿಲ್ಲ. ಸಂಜೆಗೆ ಸ್ವಲ್ಪ ಬುದ್ಧಿ ಬರುತ್ತದೆ, ಅದಕ್ಕೆ ಸಂಜೆ ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಬಿಸಿನೀರಿನ ಕೊಳ ಇದೆ. ಆಕಾಶ ಕಾಣುವುದಿಲ್ಲ, ಮೇಲೆ ತಗಡಿನ ಚಾವಣಿ. ವ್ಯಾಯಾಮ ಮಾಡಿಸುವ ಗ್ವೆಂಡಾ ಅನ್ನುವವಳು ದಡದಲ್ಲಿ ನಿಂತು ಕೂಗುತ್ತಾಳೆ. "ಮೊಣಕಾಲು ಎತ್ತು, ಇನ್ನೂ ಎತ್ತು, ಅದೇನು ಮೊಣಕಾಲೋ ಮುದುಕಿಯೋ?" ಅವಳ ಮೇಲೆ ಸಿಟ್ಟು ಬಂದೇ ನಾನು ಎತ್ತುವುದು. ಇಲ್ಲಿಯ ಮಾತ್ರೆ ಇನ್ನೂ ಕೆಲಸ ಶುರುಮಾಡಿಲ್ಲವಂತೆ. ಸೆಪ್ಟೆಂಬರ್ ತನಕ ಇರಿ ಅಂದಿದ್ದಾರೆ. ಅಮ್ಮ ಒಂದು ಬೇಕರಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ.

ಗುರುವಾರ ಮನೆಯವರೂ ಜೊತೆಗೆ ನೀರಿಗಿಳಿಯಬಹುದು. ಉಳಿದವರಿಗೆಲ್ಲ ಅಪ್ಪಂದಿರು ಬರುತ್ತಾರೆ. ಒಬ್ಬನ ಅಪ್ಪ ಲಾರಿ ಓಡಿಸುವವನು, ಮೈತುಂಬ ಹಚ್ಚೆ, ನೀರಿನಲ್ಲಿ ಮಗನನ್ನು ಎತ್ತಿಕೊಂಡು ಹಾಡು ಹೇಳುತ್ತಾನೆ. ನೀನೂ ಒಂದು ಗುರುವಾರ ಬಾ. ರೈಲಿನಲ್ಲಿ ಎರಡು ರಾತ್ರಿ ಅಷ್ಟೇ. ಆದರೆ ಬೂಟು ಬಿಚ್ಚಬೇಕಾಗುತ್ತದೆ. ಕೊಳ ಹಾಕಿಸಿ ಇಷ್ಟು ವರ್ಷವಾಯಿತು, ದ್ವೀಪದಲ್ಲಿ ಹುಟ್ಟಿದ ಮನುಷ್ಯ ಒಂದು ದಿನವೂ ಬೂಟು ಬಿಚ್ಚಿ ಅದರೊಳಗೆ ಕಾಲಿಟ್ಟದ್ದನ್ನು ನಾನು ನೋಡಿಲ್ಲ.

ಪಂಪು ನಿಲ್ಲಿಸಬೇಡ. ಚಳಿಗಾಲ ಅಂತ ಉದಾಸೀನ ಮಾಡಿದರೆ ಪಾಚಿ ಕಟ್ಟುತ್ತದೆ. ಉಪ್ಪಿನಿಂದ ಕ್ಲೋರಿನ್ ಮಾಡುವ ಪೆಟ್ಟಿಗೆಯ ತಗಡುಗಳಿಗೆ ಬಿಳಿ ಹಕ್ಕಳೆ ಹಿಡಿದಿದ್ದರೆ ನೀರು ಬೆರೆಸಿದ ಆಸಿಡ್‌ನಲ್ಲಿ ನೆನೆಸಿ ತೊಳೆ. ಕೆರೆಯಬೇಡ. ನಿನ್ನ ಚಾಕು ಅದರ ಹತ್ತಿರ ಸುಳಿಯಕೂಡದು.

ನಿನ್ನ
ನೆನಾ


ಸ್ಪಿಯರ್‌ವುಡ್
4 ಆಗಸ್ಟ್ 1996

ಮಗಳೇ,

ಬರೆಯುವುದು ತಡವಾಯಿತು. ಹೂಕೋಸು ಕೊಯ್ಲಿಗೆ ಬಂದಿತ್ತು.

ನಿನ್ನ ಕೊಳ ಸ್ವಲ್ಪ ಹಸಿರಾಗಿದೆ. ಸ್ವಲ್ಪ ಅಂದರೆ, ತಳ ಕಾಣುವುದಿಲ್ಲ. ಮೆಟ್ಟಿಲೂ ಕಾಣುವುದಿಲ್ಲ. ಇಷ್ಟು ತಣ್ಣನೆಯ ನೀರಿನಲ್ಲೂ ಪಾಚಿ ಹೀಗೆ ಹಬ್ಬುತ್ತದೆ ಅಂತ ನನಗೇನು ಗೊತ್ತು. ಪೆರಿನಾ ಅಜ್ಜಿ ಬೇಲಿಯ ಆಚೆಯಿಂದಲೇ ಪಂಚಾಯಿತಿ ಸೇರಿಸಿದರು.

"ರಾತ್ರಿಯೆಲ್ಲ ಕಪ್ಪೆ ಒದರ್ತವೆ ಕಣೋ. ಇದೇನು ಈಜುಕೊಳಾನೋ, ಭತ್ತದ ಗದ್ದೇನೋ?"

"ಕಪ್ಪೆ ಒದರಿದ್ರೆ ಮಳೆ ಚೆನ್ನಾಗಾಗತ್ತೆ ಅಕ್ಕಾ."

"ಮಳೆ ನಿನ್ ತಲೆ ಮೇಲಾಗ್ಲಿ. ಆ ಪಂಪು ಯಾಕೋ ನಿಲ್ಸಿದೀಯ?"

ಹೌದು, ನಿಲ್ಲಿಸಿದ್ದೆ. ನೀವು ಹೋದ ವಾರವೇ ನಿಲ್ಲಿಸಿದೆ. ಮೊದಲ ಕಾಗದದಲ್ಲಿ ನೀಲಿ ಅಂತ ಬರೆದಾಗ ನಿಜವಾಗಿಯೂ ನೀಲಿಯಾಗಿಯೇ ಇತ್ತು, ಅದು ಸುಳ್ಳಲ್ಲ. ಆದರೆ ಸಂಜೆ ಹೊಲದಿಂದ ಬರುವಾಗ ಪಂಪಿನ ಆ ಗುಂಯ್ ಸದ್ದು ಕೇಳಿದರೆ ನೀನು ನೀರಿನಲ್ಲಿದ್ದೀಯ ಅನ್ನಿಸುತ್ತಿತ್ತು. ಅಭ್ಯಾಸಬಲ, ಕಾಲು ಆ ಕಡೆಗೇ ಹೋಗುತ್ತಿತ್ತು. ಹೋಗಿ ನೋಡಿದರೆ ಬರೀ ನೀರು. ದಿನಾ ಹಾಗೆ ಮೋಸಹೋಗುವುದು ಸಾಕಾಯಿತು.

ಚಿಂತೆ ಮಾಡಬೇಡ. ನೀನು ಬರುವುದರೊಳಗೆ ಸರಿಮಾಡುತ್ತೇನೆ. ಬಾಟಲಿಯ ಕ್ಲೋರಿನ್ ಎಷ್ಟು ಹಾಕಬೇಕು, ಬರೆ.

ಅಪ್ಪ


ಅಡಿಲೇಡ್
19 ಆಗಸ್ಟ್ 1996

ಅಪ್ಪಾ,

ಈ ಅಕ್ಷರ ಅಮ್ಮನದು, ಮಾತು ನನ್ನದು. ಬಲಗೈಯ ಬೆರಳುಗಳು ಈಗ ಪೆನ್ನು ಹಿಡಿಯುವುದಿಲ್ಲ. ಎಡಗೈಯನ್ನು ಕೇಳಿ ನೋಡಿದೆ, ಅದೂ ಆಗದು ಅಂದಿತು. ಅಮ್ಮ ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ ಅಂತ ಆಣೆ ಮಾಡಿದ್ದಾಳೆ. "ಪ್ರೀತಿಯ ಅಪ್ಪಾ" ಅಂತ ಶುರುಮಾಡೋಣ ಅಂದೆ. ಬರೀ "ಅಪ್ಪಾ" ಸಾಕು ಅಂದಳು. ಇಬ್ಬರೂ ರಾಜಿಯಾದೆವು.

(ವಿನ್ಕಾ ಬರೆಯುತ್ತಿರುವುದು: ಕಾಗದದಲ್ಲಿ ಜಾಗ ಕಡಿಮೆ ಇತ್ತು. ಅಷ್ಟೇ.)

ಈಗ ಕೊಳದ ವಿಷಯ. ಮೊದಲು ಎಲೆ ಕಸ ಎಲ್ಲ ಬಲೆಯಲ್ಲಿ ತೆಗೆ. ಗೋಡೆಯನ್ನೆಲ್ಲ ಬ್ರಷ್ಷಿನಲ್ಲಿ ಉಜ್ಜು, ಮೆಟ್ಟಿಲ ಮೂಲೆ ಬಿಡಬೇಡ, ಪಾಚಿ ಅಲ್ಲೇ ಬಚ್ಚಿಟ್ಟುಕೊಳ್ಳುವುದು. ಸಂಜೆ ಬಿಸಿಲು ಇಳಿದ ಮೇಲೆ ಕ್ಲೋರಿನ್ ಸುರಿ. ಎಷ್ಟು ಅಂತ ಡಬ್ಬಿಯ ಮೇಲೆ ಬರೆದಿದೆ, ಅದರ ದುಪ್ಪಟ್ಟು ಹಾಕು. ಪಂಪನ್ನು ಹಗಲೂ ರಾತ್ರಿ ಬಿಡು. ನೀರು ಹಸಿರಿನಿಂದ ಬೂದಿ ಬಣ್ಣಕ್ಕೆ ತಿರುಗಿದರೆ ಪಾಚಿ ಸತ್ತಿತು ಅಂತ ಅರ್ಥ. ಸತ್ತದ್ದು ನೀರು ಸೋಸುವ ಫಿಲ್ಟರಿನಲ್ಲಿ ಕೂರುತ್ತದೆ, ಅದನ್ನು ದಿನಾ ತೊಳೆ. ಒಂದು ವಾರ ತಾಳ್ಮೆ ಬೇಕು. ನೀರನ್ನು ಖಾಲಿ ಮಾಡುವ ಯೋಚನೆ ಮಾಡಬೇಡ, ಅದು ಬೇಕಾಗಿಲ್ಲ.

ಗುರುವಾರದ ವಿಷಯ ಬರೆದಿದ್ದೆ. ನಿನ್ನ ಕಾಗದದಲ್ಲಿ ಅದಕ್ಕೆ ಉತ್ತರ ಸಿಗಲಿಲ್ಲ. ಹೂಕೋಸಿನ ಕೊಯ್ಲು ಮುಗಿಯಿತಲ್ಲ.

ನೆನಾ


ಸ್ಪಿಯರ್‌ವುಡ್
8 ಸೆಪ್ಟೆಂಬರ್ 1996

ಮಗಳೇ,

ನೀನು ಹೇಳಿದ ಔಷಧಿ ಹಾಕಿದೆ. ಎರಡು ದಿನ ಬೂದಿ ಬಣ್ಣಕ್ಕೆ ಬಂತು, ಆಮೇಲೆ ಮಳೆ ಸುರಿದು ಮತ್ತೆ ಹಸಿರೇ. ಈ ಡಬ್ಬಿ ಬಾಟಲಿಗಳ ಮದ್ದು ನನಗೆ ಒಗ್ಗದು.

ನನ್ನ ಅಪ್ಪ ಏನು ಮಾಡುತ್ತಿದ್ದ ಹೇಳುತ್ತೇನೆ ಕೇಳು. ನಮ್ಮ ದ್ವೀಪದಲ್ಲಿ ಹೊಳೆಯಿಲ್ಲ, ಬಾವಿಯಿಲ್ಲ. ಮನೆಯ ಪಕ್ಕದಲ್ಲಿ ಬಂಡೆ ಕೊರೆದು ಮಾಡಿದ ತೊಟ್ಟಿ. ಚಾವಣಿಯ ಮಳೆನೀರು ಅದಕ್ಕೆ ಇಳಿಯುತ್ತಿತ್ತು, ಅದನ್ನೇ ವರ್ಷವೆಲ್ಲ ಕುಡಿಯುವುದು. ಮಳೆಗಾಲಕ್ಕೆ ಮುಂಚೆ ಅಪ್ಪ ತಳದಲ್ಲಿ ಉಳಿದ ನೀರನ್ನೆಲ್ಲ ಬಕೆಟ್ಟಿನಲ್ಲಿ ಎತ್ತಿ ಚೆಲ್ಲಿ, ಸೊಂಟಕ್ಕೆ ಹಗ್ಗ ಕಟ್ಟಿ ನನ್ನನ್ನು ಒಳಗೆ ಇಳಿಸುತ್ತಿದ್ದ. ಗೋಡೆ ಉಜ್ಜಬೇಕು, ಸುಣ್ಣ ಬಳಿಯಬೇಕು. ಮೇಲಿನಿಂದ ಕೂಗುತ್ತಿದ್ದ. "ಮೂಲೆ ಬಿಡ್ಬೇಡ್ವೋ ಕಳ್ಳ, ನಿಮ್ಮವ್ವ ಕುಡಿಯೋ ನೀರು." ಆಮೇಲೆ ಬಂದ ಮಳೆಯ ನೀರಿನ ರುಚಿ ಇದೆಯಲ್ಲ, ಅದು ಇವತ್ತಿಗೂ ನಾಲಿಗೆಯ ಮೇಲಿದೆ. ಕೆಟ್ಟ ನೀರನ್ನು ಚೆಲ್ಲಬೇಕು, ಪಾತ್ರೆ ಉಜ್ಜಬೇಕು, ಹೊಸ ನೀರು ತುಂಬಬೇಕು. ಇದಕ್ಕಿಂತ ನೇರವಾದ ದಾರಿ ಯಾವುದು?

ಬರುವ ಶನಿವಾರ ಖಾಲಿ ಮಾಡುತ್ತೇನೆ. ಉಪ್ಪುನೀರು ತೋಟಕ್ಕೆ ಹರಿಯದಂತೆ ಪೈಪು ಎಳೆದು ಚರಂಡಿಗೆ ಬಿಡುತ್ತೇನೆ. ನೀನು ಬೇಡ ಅಂದಿದ್ದೀಯ, ಗೊತ್ತು. ಆದರೆ ನೀನು ಇಳಿಯುವ ನೀರು ಹಳೆಯ ಪಾಚಿಯ ಹೆಣ ತೇಲಿದ ನೀರಾಗಿರುವುದು ನನಗೆ ಬೇಡ.

ವಿನ್ಕಾಗೆ: ನಿನ್ನ ಅಕ್ಷರ ಇಷ್ಟು ದುಂಡಗಿದೆ ಅಂತ ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಉಪ್ಪಿನಕಾಯಿ ಜಾಡಿಯ ಮೇಲೆ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ.

ಅಪ್ಪ


ಸ್ಪಿಯರ್‌ವುಡ್
16 ಸೆಪ್ಟೆಂಬರ್ 1996

ನೆನಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಕೊಳ ಎದ್ದು ನಿಂತಿದೆ.

ತಮಾಷೆ ಮಾಡುತ್ತಿಲ್ಲ. ನೀರೆಲ್ಲ ತೆಗೆದು, ಪೊರಕೆ ಬ್ರಷ್ಷು ಹಿಡಿದು ಒಳಗಿಳಿದು, ಬೂಟು ಹಾಕಿಕೊಂಡೇ, ಮೂಲೆ ಮೂಲೆ ಉಜ್ಜಿದೆ. ನನ್ನ ಅಪ್ಪ ಮೇಲೆ ನಿಂತು ನೋಡುತ್ತಿದ್ದಾನೆ ಅನ್ನಿಸಿತು. ಇಷ್ಟು ದಿನದಲ್ಲಿ ಅಷ್ಟು ಖುಷಿಯಾಗಿದ್ದದ್ದು ಅದೊಂದೇ ಹೊತ್ತು. ಮಧ್ಯಾಹ್ನ ಮಳೆ ಬಂತು ಅಂತ ಒಳಗೆ ಹೋಗಿ ಮೀನು ಹುರಿಯುತ್ತಿದ್ದೆ. ಹೊರಗೆ ಮರ ಸೀಳಿದ ಹಾಗೆ ಸದ್ದಾಯಿತು. ಬೇಲಿಯ ಆಚೆಯಿಂದ ಅಜ್ಜಿ ಕೂಗಿದರು.

"ಲೂಯೊ, ನಿನ್ ಕೊಳ ಎದ್ ಬರ್ತಾ ಇದೆ ನೋಡೋ."

"ಕೊಳ ಎಲ್ಲಿಗ್ ಬರತ್ತೆ ಅಕ್ಕಾ, ಊಟಕ್ಕಾ?" ಅಂದೆ ನಾನು, ಮೂರ್ಖ.

ಹೋಗಿ ನೋಡಿದರೆ ನಿಜ. ಆಳದ ಕಡೆಯ ಭಾಗ ನೆಲ ಬಿಟ್ಟು ನನ್ನ ಮೊಣಕಾಲೆತ್ತರ ಎದ್ದಿತ್ತು. ದಡಕ್ಕೆ ಎಳೆದ ದೋಣಿಯ ಹಾಗೆ ವಾಲಿಕೊಂಡಿತ್ತು. ಸುತ್ತಲ ಹಾಸುಗಲ್ಲುಗಳು ಒಂದರ ಮೇಲೊಂದು ಹತ್ತಿದ್ದವು, ಪೈಪುಗಳು ಮುರಿದಿದ್ದವು. ನೀನು ಹಿಡಿದು ಇಳಿಯುತ್ತಿದ್ದ ಕಂಬಿ ಕಿತ್ತು ಬಂದಿತ್ತು.

ಕೊಳ ರಿಪೇರಿ ಮಾಡುವ ಡೆಸ್ಮಂಡನನ್ನು ಕರೆಸಿದೆ. ಅವನು ಟೋಪಿ ತೆಗೆದು ನಿಂತ, ಸಾವಿನ ಮನೆಗೆ ಬಂದವನ ಹಾಗೆ. ಆಮೇಲೆ ಶುರುಮಾಡಿದ. "ಫೈಬರ್ ತೊಟ್ಟಿ ಇದು ಯಜಮಾನ್ರೇ. ಒಳಗೆ ನೀರಿದ್ರೆ ತಾನೇ ನೆಲದಲ್ಲಿ ಕೂರೋದು? ನೀವು ಖಾಲಿ ಮಾಡಿದ್ರಿ, ಕೆಳಗಿನ್ ನೀರು ಎತ್ತಿ ಬಿಸಾಕ್ತು. ಮಳೆಗಾಲದ ಕೊನೇಲಿ, ಈ ತಗ್ಗಲ್ಲಿ, ಯಾರಾದ್ರೂ ಈ ಕೆಲಸ ಮಾಡ್ತಾರಾ?" ತಳದಲ್ಲಿ ಒಂದು ಮುಚ್ಚಳ ಇರುತ್ತದಂತೆ, ಅದನ್ನಾದರೂ ತೆಗೆದು ಕೆಳಗಿನ ನೀರನ್ನು ಒಳಗೆ ಬಿಟ್ಟುಕೊಳ್ಳಬೇಕಿತ್ತಂತೆ.

ಈ ಮರಳಿನ ಕೆಳಗೆ ಒಂದು ಮಾರು ಆಳಕ್ಕೇ ನೀರಿದೆ ಅಂತ ನನಗೆ ಗೊತ್ತಿಲ್ಲವೇ? ಆ ನೀರನ್ನೇ ಬೋರಿನಲ್ಲಿ ಎತ್ತಿ ಹೂಕೋಸು ಬೆಳೆದು ನಿನ್ನನ್ನು ಸಾಕಿದವನು ನಾನು. ಅಪ್ಪನ ತೊಟ್ಟಿ ಬಂಡೆಯಲ್ಲಿತ್ತು. ಬಂಡೆಯ ಮೇಲಿನ ಬುದ್ಧಿಯನ್ನು ಮರಳಿನ ಮೇಲೆ ತಂದು ಉಪಯೋಗಿಸಿದೆ.

ನೀನು ಬರುವುದರೊಳಗೆ ಸರಿಮಾಡುತ್ತೇನೆ.

ಅಪ್ಪ


ಅಡಿಲೇಡ್
2 ಅಕ್ಟೋಬರ್ 1996

ಅಪ್ಪಾ,

ಅಕ್ಷರ ಅಮ್ಮನದು. ನಿನ್ನ ಕಾಗದ ಓದಿ ಹೇಳುವಾಗ ಅಮ್ಮ "ಊಟಕ್ಕಾ" ಅನ್ನುವಲ್ಲಿ ನಕ್ಕುಬಿಟ್ಟಳು. ಬೇಡ ಬೇಡ ಅಂದುಕೊಂಡೇ ನಕ್ಕಳು. ನಾನೂ ನಕ್ಕೆ, ಆಮೇಲೆ ಅತ್ತೆ. ಯಾಕೆ ಅಂತ ಕೇಳಬೇಡ.

ಕೊಳವನ್ನು ಹಾಗೇ ಬಿಡು. ನಿಜವಾಗಿ ಹೇಳುತ್ತಿದ್ದೇನೆ, ಬಿಟ್ಟುಬಿಡು. ಮಣ್ಣು ಮುಚ್ಚಿ ಹೂಕೋಸು ಹಾಕು. ಅದನ್ನು ಮತ್ತೆ ಕೂರಿಸುವ ಬದಲು ಆ ದಿನಗಳಲ್ಲಿ ನೀನೇ ಇಲ್ಲಿಗೆ ಬಾ. ಗುರುವಾರ ನನ್ನ ಪಕ್ಕದಲ್ಲಿ ಗ್ವೆಂಡಾ ಇಳಿಯುತ್ತಾಳೆ, ಅವಳಿಗೆ ಸಂಬಳ ಬರುತ್ತದೆ. ಲಾರಿಯವನು ಈಗ ನನಗೂ ಹಾಡು ಹೇಳುತ್ತಾನೆ. ಪಾಪ, ಒಳ್ಳೆಯವನು. ಆದರೆ ಅವನು ನನ್ನ ಅಪ್ಪ ಅಲ್ಲ.

ಹೊಸ ಮಾತ್ರೆ ಕೊಟ್ಟಿದ್ದಾರೆ.

ನೆನಾ

(ವಿನ್ಕಾ ಬರೆಯುತ್ತಿರುವುದು: ಮೀನು ಹುರಿಯುವಾಗ ಒಲೆ ಆರಿಸಿ ಹೋಗಿದ್ದೆಯಾ?)


ಸ್ಪಿಯರ್‌ವುಡ್
3 ನವೆಂಬರ್ 1996

ಮಗಳೇ,

ಕೊಳ ಕೂತಿದೆ!

ಒಂದು ತಿಂಗಳು ಏನು ಮಾಡಿದೆ ಅಂತ ಕೇಳು. ಕ್ಲಬ್ಬಿನ ಎಲ್ಲರೂ ಬಂದರು. ಕಿಚಾಯಿಸುತ್ತಿದ್ದವರೇ ಮೊದಲು ಬಂದರು. ಸುತ್ತ ಅಗೆದು, ಉದ್ದದ ಕೊಳವೆಗಳನ್ನು ಮರಳಿಗೆ ಇಳಿಸಿ, ನೆಲದ ನೀರನ್ನು ದಿನಗಟ್ಟಲೆ ಎತ್ತಿ ಹೊರಗೆ ಹಾಕಿದೆವು. ಕ್ರೇನು ತರಿಸಿ ತೊಟ್ಟಿಯನ್ನು ಎತ್ತಿ ಹಿಡಿದು, ತಳದ ಮರಳು ಸಮ ಮಾಡಿ, ಮತ್ತೆ ಇಳಿಸಿದೆವು. ಒಳಗೆ ಒಂದು ಗೇಣು ನೀರು, ಹೊರಗೆ ಒಂದು ಗೇಣು ಮರಳು, ಮತ್ತೆ ಒಳಗೆ ನೀರು, ಮತ್ತೆ ಹೊರಗೆ ಮರಳು. ಎರಡೂ ಒಟ್ಟಿಗೇ ಏರಬೇಕು, ಇಲ್ಲದಿದ್ದರೆ ಗೋಡೆ ಬಾಗುತ್ತದೆ. ಬೋರಿನ ನೀರು ಬಿಡೋಣ ಅಂದಿದ್ದೆ. ಅದರಲ್ಲಿ ಕಬ್ಬಿಣ ಇದೆ, ಕ್ಲೋರಿನ್ ತಾಗಿದರೆ ಚಹಾ ಆಗುತ್ತದೆ ಅಂತ ಡೆಸ್ಮಂಡ್ ಪೈಪು ಕಿತ್ತುಕೊಂಡ. ನಲ್ಲಿ ನೀರೇ ತುಂಬಿಸಿದೆವು.

ನಿನ್ನೆ ಉಪ್ಪು ಸುರಿದೆ. ಮೂಟೆ ಬಿಚ್ಚಿ ದಡದಗುಂಟ ನಡೆಯುತ್ತಾ ಸುರಿದು, ಬ್ರಷ್ಷಿನಲ್ಲಿ ತಳ್ಳಿ ತಳ್ಳಿ ಕರಗಿಸಿದೆ. ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿದೆ. ಕಣ್ಣೀರಿಗಿಂತ ಸ್ವಲ್ಪ ಸಪ್ಪೆ ಇರಬೇಕು ಅಂತ ನೀನೇ ಹೇಳಿಕೊಟ್ಟದ್ದು. ಸರಿಯಾಗಿದೆ.

ಕಂಬಿಯನ್ನು ಈ ಸಲ ತಗ್ಗಿಸಿ ಹಾಕಿಸಿದ್ದೇನೆ, ನಿನಗೆ ಭುಜ ಎತ್ತುವ ಕಷ್ಟ ಇರುವುದಿಲ್ಲ. ಚಾವಣಿಯ ಮೇಲೆ ಬಿಸಿಲಿಗೆ ಕಾಯುವ ಕಪ್ಪು ಕೊಳವೆಗಳಿಂದ ನೀರು ಈಗಲೇ ಬೆಚ್ಚಗಾಗಿ ಬರುತ್ತಿದೆ. ಕ್ರಿಸ್ಮಸ್ಸಿಗೆ ಬಂದುಬಿಡು. ಅಮ್ಮನಿಗೂ ಹೇಳು. ಒಲೆ ಆರಿಸಿರಲಿಲ್ಲ, ಮೀನು ಸುಟ್ಟು ಕರಕಾಯಿತು ಅಂತಲೂ ಹೇಳು.

ಅಪ್ಪ


ಅಡಿಲೇಡ್
12 ನವೆಂಬರ್ 1996

ಲೂಯೊ,

ಈ ಸಲ ಅಕ್ಷರವೂ ನನ್ನದು, ಮಾತೂ ನನ್ನದು. ನೆನಾ ಮಲಗಿದ್ದಾಳೆ.

ಅವಳು ಕ್ರಿಸ್ಮಸ್ಸಿಗೆ ಬರುವುದಿಲ್ಲ. ಹೊಸ ಮಾತ್ರೆಯೂ ಹಿಡಿಯಲಿಲ್ಲ. ಮಂಚದಿಂದ ಬಚ್ಚಲಿಗೆ ಹೋಗಲು ನನ್ನ ಹೆಗಲು ಬೇಕು. ಸೊಂಟದ ಕೀಲಿಗೆ ಆಪರೇಷನ್ ಮಾಡುತ್ತಾರೆ, ಜನವರಿಯಲ್ಲಿ. ಹದಿನಾರು ವರ್ಷದವಳಿಗೆ. ಇದನ್ನು ನಿನಗೆ ಬರೆಸಲು ಅವಳಿಗೆ ಆಗುತ್ತಿಲ್ಲ. "ಅಪ್ಪ ಕಂಬಿ ತಗ್ಗಿಸಿ ಹಾಕ್ಸಿದಾನಮ್ಮಾ, ಹೆಂಗೆ ಹೇಳ್ಲಿ," ಅಂತ ಗೋಡೆಯ ಕಡೆ ತಿರುಗಿಕೊಳ್ಳುತ್ತಾಳೆ.

ಆಗಸ್ಟಿನಿಂದ ಅವಳ ಕಾಗದ ನಾನು ಬರೆಯುತ್ತಿದ್ದೇನೆ. ಬೆರಳು ಪೆನ್ನು ಹಿಡಿಯುವುದಿಲ್ಲ ಅಂತ ನನ್ನ ಕೈಯಾರೆ ನಿನಗೆ ಬರೆದೆ. ನೀನು ನನ್ನ ಅಕ್ಷರ ದುಂಡಗಿದೆ ಅಂದೆ. ಮಗಳ ಬೆರಳಿಗೆ ಏನಾಯಿತು ಅಂತ ಒಂದು ಸಾಲು ಕೇಳಲಿಲ್ಲ. ಬಾ ಅಂತ ಅವಳು ಕರೆದಾಗಲೆಲ್ಲ ನೀನು ಪಾಚಿಯ ವಿಷಯ ಬರೆದೆ, ಕಪ್ಪೆಯ ವಿಷಯ ಬರೆದೆ, ಮರಳು ಉಪ್ಪು ಎಲ್ಲ ಬರೆದೆ. ಟಪಾಲಿನವನ ಸದ್ದಿಗೆ ಅವಳು ಹೇಗೆ ಕಾಯುತ್ತಾಳೆ ಅಂತ ನೋಡುವವಳು ನಾನು.

ನೀನು ಕೆಟ್ಟವನಲ್ಲ. ಅದು ನನಗೆ ಗೊತ್ತಿರುವುದಕ್ಕೇ ಇಷ್ಟು ಸಿಟ್ಟು. ಮೇ ತಿಂಗಳಲ್ಲಿ ಸ್ಟೇಷನ್ನಿನಲ್ಲಿ ನಿಂತು "ಹೂಕೋಸು ಯಾರು ನೋಡ್ಕೋತಾರೆ" ಅಂದೆಯಲ್ಲ, ಆ ಮಾತು ನನ್ನ ಕಿವಿಯಿಂದ ಇನ್ನೂ ಇಳಿದಿಲ್ಲ.

ಇನ್ನು ಮೇಲೆ ಅವಳಿಗೆ ಕೊಳದ ವಿಷಯ ಬರೆಯಬೇಡ.

ವಿನ್ಕಾ


ಸ್ಪಿಯರ್‌ವುಡ್
24 ನವೆಂಬರ್ 1996

ವಿನ್ಕಾ, ನೆನಾ, ಇಬ್ಬರಿಗೂ,

ವಿನ್ಕಾಳ ಕಾಗದ ಓದಿ ಮಡಿಸಿ ಜೇಬಿಗೆ ಹಾಕಿಕೊಂಡು ಹೋಗಿ ಕೊಳದ ದಡದಲ್ಲಿ ಕೂತೆ. ನೀರು ತಿಳಿಯಾಗಿತ್ತು. ತಳದಲ್ಲಿ ಬಿದ್ದ ಒಂದು ಮೊಳೆಯೂ ಕಾಣುತ್ತಿತ್ತು.

ಬೆರಳಿನ ವಿಷಯ ನಾನು ಕೇಳದೆ ಇದ್ದದ್ದು ಮರೆತು ಅಲ್ಲ. ಆ ಸಾಲನ್ನು ದಿನಾ ಓದುತ್ತಿದ್ದೆ. ಕೇಳಿದರೆ ಉತ್ತರ ಬರುತ್ತದಲ್ಲ, ಅದಕ್ಕೆ ಹೆದರಿದೆ. ಪಾಚಿಯನ್ನಾದರೆ ಉಜ್ಜಬಹುದು. ಎದ್ದ ಕೊಳವನ್ನು ನಾಲ್ಕು ಜನ ಸೇರಿ ಕೂರಿಸಬಹುದು. ಮಗಳ ಕೀಲಿನೊಳಗೆ ಕೈಹಾಕಿ ನಾನು ಏನು ಸರಿಮಾಡಲಿ? ನನ್ನ ಕೈಗೆ ಬರುವ ಕೆಲಸ ಯಾವುದೋ ಅದನ್ನು ಹಿಡಿದುಕೊಂಡು ಕೂತೆ. ಅಲ್ಲಿ ನೀವಿಬ್ಬರೇ ಇದ್ದಿರಿ.

ಪೆರಿನಾ ಅಜ್ಜಿ ಬಂದರು. ಬೇಲಿಯ ಆಚೆಯಿಂದಲ್ಲ, ಗೇಟು ತೆಗೆದು ಒಳಗೇ ಬಂದರು. ಮಂಡಿ ಹಿಡಿದುಕೊಂಡು ಪಕ್ಕದಲ್ಲಿ ಕೂತರು.

"ಇಷ್ಟೆಲ್ಲ ಮಾಡಿ ತುಂಬ್ಸಿದೀಯ. ಯಾರಿಗೋ ಇದು?"

"ಯಾರಿಗೂ ಇಲ್ಲ ಅಕ್ಕಾ. ಅವಳು ಬರಲ್ಲ."

"ಅವಳು ಬರಕ್ಕಾಗಲ್ಲ. ನಿಂಗೇನಾಗಿದೆ ಧಾಡಿ? ಕಾಲು ನೆಟ್ಟಗಿದೆಯಲ್ಲ."

ಅವರ ಎದುರು ಅತ್ತುಬಿಟ್ಟೆ. ಅಜ್ಜಿ ಬೆನ್ನ ಮೇಲೆ ಎರಡು ಏಟು ಹಾಕಿದರು, ಸಮಾಧಾನಕ್ಕೋ ಬೈಗುಳಕ್ಕೋ ತಿಳಿಯಲಿಲ್ಲ. ಆಮೇಲೆ ಎದ್ದು, ತಗ್ಗಿಸಿ ಹಾಕಿಸಿದ ಆ ಕಂಬಿ ಹಿಡಿದು, ಕಪ್ಪು ಲಂಗ ಬ್ಲೌಸು ಎಲ್ಲ ಹಾಗೇ ಇದ್ದ ಹಾಗೆ ಮೆಟ್ಟಿಲಿಳಿದು ಸೊಂಟದ ತನಕ ನೀರಿನಲ್ಲಿ ನಿಂತರು. ಗಂಡ ಸತ್ತ ಮೇಲೆ ಸಮುದ್ರಕ್ಕೂ ಕಾಲಿಡದವರು. "ಅಯ್ಯೋ, ಮಂಡಿ ಹಗುರಾಯ್ತು ಕಣೋ," ಅಂದರು. ಈಗ ದಿನಾ ಬೆಳಗ್ಗೆ ಬರುತ್ತಾರೆ. ಪಂಪು, ಫಿಲ್ಟರು, ಉಪ್ಪಿನ ಪೆಟ್ಟಿಗೆ ಎಲ್ಲ ಕಲಿಸಿಕೊಟ್ಟಿದ್ದೇನೆ. ಗೇಟಿನ ಬೀಗದಕೈ ಅವರ ಹತ್ತಿರ ಇದೆ, ಬೂರಾನೂ ಅವರ ಹತ್ತಿರ. ಹೂಕೋಸಿನ ಜಮೀನನ್ನು ಕ್ಲಬ್ಬಿನ ಗೆಳೆಯರಿಗೆ ವಹಿಸಿದ್ದೇನೆ. ಎಷ್ಟು ದಿನಕ್ಕೆ ಅಂದರು. ಗೊತ್ತಿಲ್ಲ ಅಂದೆ.

ನಾಳೆಯ ರೈಲಿಗೆ ಹೊರಡುತ್ತೇನೆ. ಈ ಕಾಗದವೂ ಅದೇ ರೈಲಿನಲ್ಲಿ ಬರುತ್ತದೋ ಏನೋ, ನಾನೇ ಮೊದಲು ಮುಟ್ಟಿದರೆ ಆಶ್ಚರ್ಯವಿಲ್ಲ. ವಿನ್ಕಾ, ನಿಮ್ಮ ಅಕ್ಕನ ಮನೆಗೆ ಬರುವುದಿಲ್ಲ, ಹೆದರಬೇಡ. ಆಸ್ಪತ್ರೆಯ ಹತ್ತಿರ ಎಲ್ಲಾದರೂ ಒಂದು ಕೋಣೆ ಹಿಡಿಯುತ್ತೇನೆ. ನಿಮ್ಮನ್ನು ಕರೆದುಕೊಂಡು ಬರಲು ಬರುತ್ತಿಲ್ಲ. ಗುರುವಾರಕ್ಕೆ ಬರುತ್ತಿದ್ದೇನೆ.

ನೆನಾ, ಈಜುವ ಚಡ್ಡಿ ಕೊಂಡಿದ್ದೇನೆ. ನನ್ನ ಸೊಂಟದ ಅಳತೆಗೆ ಅಂಗಡಿಯಲ್ಲಿ ಇದ್ದದ್ದು ಅದೊಂದೇ, ಅದರ ತುಂಬ ಗಿಳಿಗಳ ಚಿತ್ರ. ಗ್ವೆಂಡಾ ಎದುರು ನಗಬೇಡ.

ಬೆರಳು ಈಗ ಹೇಗಿವೆ?

ಅಪ್ಪ


ಅಡಿಲೇಡ್
20 ಡಿಸೆಂಬರ್ 1996

ಪೆರಿನಾ ಅಜ್ಜೀ,

ಈ ಅಕ್ಷರ ಅಪ್ಪನದು, ಮಾತು ನನ್ನದು. ಇವನ ಅಕ್ಷರ ಕೋಳಿ ಕೆದರಿದ ಹಾಗಿದೆ, ಓದಲು ಆಗದಿದ್ದರೆ ಕ್ಲಬ್ಬಿನವರಿಂದ ಓದಿಸಿಕೊಳ್ಳಿ.

ನಿಮ್ಮ ಮಂಡಿ ಹೇಗಿದೆ? ಕೊಳದ ನೀರು ಅಂಚಿನಿಂದ ಒಂದು ಗೇಣಿಗಿಂತ ಕೆಳಗೆ ಇಳಿದರೆ ನಲ್ಲಿ ಬಿಡಿ. ಯಾರು ಏನೇ ಹೇಳಿದರೂ ಖಾಲಿ ಮಾತ್ರ ಮಾಡಬೇಡಿ. ಅಪ್ಪ ಹೇಳಿದರೂ ಮಾಡಬೇಡಿ.

ಅಪ್ಪ ಪ್ರತಿ ಗುರುವಾರ ನೀರಿಗೆ ಇಳಿಯುತ್ತಾನೆ. ಗಿಳಿಗಳನ್ನು ನೋಡಿ ಮೊದಲ ದಿನ ನಾನು ನಗಲಿಲ್ಲ, ಗ್ವೆಂಡಾ ನಕ್ಕಳು. ಅವನು ನನ್ನ ಬೆನ್ನ ಕೆಳಗೆ ಕೈ ಇಟ್ಟು ನನ್ನನ್ನು ತೇಲಿಸುತ್ತಾನೆ, ಹಾಡು ಬಾರದು, ಅದಕ್ಕೆ ಹೂಕೋಸಿನ ರೋಗಗಳ ವಿಷಯ ಹೇಳುತ್ತಾನೆ. ಲಾರಿಯವನು ಕೇಳಿಸಿಕೊಳ್ಳುತ್ತಾನೆ. ಅಮ್ಮ ಅಪ್ಪನ ಜೊತೆ ಇನ್ನೂ ಮಾತಾಡುವುದಿಲ್ಲ. ಬೇಕರಿಯಿಂದ ಬರುವಾಗ ಎರಡು ಬನ್ನು ತರುತ್ತಿದ್ದವಳು ಈಗ ಮೂರು ತರುತ್ತಾಳೆ, ಮೂರನೆಯದನ್ನು ಅಪ್ಪ ಕೂರುವ ಬೆಂಚಿನ ಮೇಲೆ ಇಟ್ಟು ಹೋಗುತ್ತಾಳೆ.

ಆಪರೇಷನ್ ಜನವರಿ ಎರಡನೇ ವಾರ. ಆದ ಮೇಲೂ ನಾನು ನಡೆಯುತ್ತೇನೆ ಅಂತ ಭರವಸೆ ಕೊಡಲಾಗದು ಅಂತ ಡಾಕ್ಟರು ಅಪ್ಪನಿಗೂ ಹೇಳಿದ್ದಾರೆ.

ಈ ಮೇಲಿನ ಸಾಲನ್ನು ಅಪ್ಪನಿಗೆ ಮೂರು ಸಲ ಹೇಳಬೇಕಾಯಿತು. ಪೆನ್ನಿನಲ್ಲಿ ಇಂಕು ಮುಗಿದಿದೆ ಅಂದ, ಬೆಳಕು ಸಾಲದು ಅಂದ, ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತ. ನಾನು ಕಾದೆ. ಆಮೇಲೆ ಬಂದು ಕೂತು ಬರೆದ.

ನಿಮ್ಮ
ನೆನಾ